ಅಜ್ಜಿಯ ಕೈ ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಈ ಭಾನುವಾರ ನಿಮಗೊಂದು ಪತ್ತೇದಾರಿ ಕೆಲಸ. ಒಂದು ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು ಮತ್ತು ಸೀಮೆಸುಣ್ಣದ ತುಂಡು ತೆಗೆದುಕೊಳ್ಳಿ. ಹುಡುಕಬೇಕಾದ ಜಾಗ ನಿಮ್ಮ ಮನೆಯ ಬಚ್ಚಲುಮನೆ. ಜೊತೆಗೆ ಅಜ್ಜಿಯೋ ಅಜ್ಜನೋ ಇರಲೇಬೇಕು. ಅಲ್ಲಿ ಯಾವ ಜಾಗದಲ್ಲಿ ಭಯವಾಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಬದುಕುಳಿದವರಲ್ಲೂ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟೋ ಜನರಿಗೆ ಆಗುವುದೇ ಇಲ್ಲ. "ವಯಸ್ಸಾಯಿತು, ಬಿದ್ದರು" ಎಂದು ಸುಮ್ಮನಾಗುತ್ತೇವೆ. ಆದರೆ ಬೀಳಿಸುವುದು ವಯಸ್ಸೊಂದೇ ಅಲ್ಲ. ನೀರು, ಸೋಪು, ಕತ್ತಲೆ, ಹಿಡಿಯಲು ಏನೂ ಇಲ್ಲದ ಗೋಡೆ, ಇವೂ ಬೀಳಿಸುತ್ತವೆ. ಇವನ್ನು ಸರಿಮಾಡಬಹುದು.

ಮೊದಲನೆಯ ಪರೀಕ್ಷೆ ಕೈಯದು. ನೆಲ ಒಣಗಿರುವಾಗ ಅಜ್ಜಿಯನ್ನು ಬಚ್ಚಲಿಗೆ ಕರೆಯಿರಿ. ದಿನವೂ ಮಾಡುವ ಹಾಗೆಯೇ ಒಳಗೆ ಬಂದು, ನಲ್ಲಿ ತಿರುಗಿಸಿ, ಕೂತು, ಎದ್ದು, ಹೊರಗೆ ಹೋಗಲು ಹೇಳಿ. ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಲಿ. ನೀವು ಅಜ್ಜಿಯ ಕೈಯನ್ನು ಮಾತ್ರ ನೋಡಿ. ಟವೆಲ್ ಹಾಕುವ ಸರಳು, ನಲ್ಲಿ, ವಾಷ್‌ಬೇಸಿನ್ ಅಂಚು, ಬಕೆಟ್ಟಿನ ಬಾಯಿ – ಕೈ ಇವುಗಳಲ್ಲಿ ಯಾವುದನ್ನೋ ಹಿಡಿಯುತ್ತದೆ. ಟವೆಲ್ ಸರಳನ್ನು ಹಾಕಿರುವುದು ಒದ್ದೆ ಬಟ್ಟೆಯ ಭಾರಕ್ಕೆ, ಮನುಷ್ಯರ ಭಾರಕ್ಕಲ್ಲ. ಜಾರಿದ ಕ್ಷಣದಲ್ಲಿ ಅದನ್ನು ಹಿಡಿದರೆ ಸ್ಕ್ರೂ ಸಮೇತ ಕೈಗೆ ಬರಬಹುದು.

ಕೈ ಹೋದ ಕಡೆಯಲ್ಲೆಲ್ಲ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನೆಲದಿಂದ ಎತ್ತರ ಅಳೆದು ಬರೆದುಕೊಳ್ಳಿ. ಹಿಡಿಕೆ ಬರಬೇಕಾದದ್ದು ಅಲ್ಲೇ. ಕೆಲಸದವರಿಗೆ ಅನುಕೂಲವಾದ ಜಾಗದಲ್ಲಿ ಹಾಕಿಸಿದರೆ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಸುಮಾರು 4 ಸೆಂಟಿಮೀಟರ್ ದಪ್ಪದ ಉಕ್ಕಿನ ಹಿಡಿಕೆ ಸಾಕು. ಬೆರಳು ಸುತ್ತ ಹೋಗುವಷ್ಟು, ಅಂದರೆ 4–5 ಸೆಂಟಿಮೀಟರ್, ಗೋಡೆಯಿಂದ ದೂರ ಇರಲಿ. ಇಟ್ಟಿಗೆ ಅಥವಾ ಕಾಂಕ್ರೀಟ್‌ಗೆ ರಂಧ್ರ ಕೊರೆದು ಬೋಲ್ಟ್ ಹಾಕಿ ಬಿಗಿಯಬೇಕು. ಟೈಲ್ಸ್‌ಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಯಾವಾಗ ಬಿಡುತ್ತವೆ ಎಂದು ಹೇಳಲಾಗದು, ಮೈಭಾರಕ್ಕೆ ಅವನ್ನು ನಂಬಬೇಡಿ. ಹಾಕಿದ ಮೇಲೆ ಅಪ್ಪ ಮೊದಲು ಪೂರ್ತಿ ಬಲ ಹಾಕಿ ಜಗ್ಗಿ ನೋಡಲಿ. ಆಮೇಲೆ ಅಜ್ಜಿ ಹಿಡಿಯಲಿ.

ಎರಡನೆಯದು ಕೂರುವ ಎತ್ತರ. ಹಿಂದೆ ಬಚ್ಚಲಲ್ಲಿ ಮರದ ಮಣೆಯ ಮೇಲೆ ಕೂತು, ಹಂಡೆಯಿಂದ ನೀರು ತೋಡಿ ಸ್ನಾನ ಮಾಡುತ್ತಿದ್ದರು. ಕೂತು ಸ್ನಾನ ಮಾಡುವ ಆ ಪದ್ಧತಿ ಒಳ್ಳೆಯದೇ, ಆದರೆ ನೋಯುವ ಮಂಡಿಗೆ ಮಣೆ ತೀರಾ ತಗ್ಗು. ಕಾಲಿಗೆ ರಬ್ಬರ್ ಬಿರಡೆ ಇರುವ, ಅಲುಗಾಡದ ಎತ್ತರದ ಸ್ಟೂಲ್ ತನ್ನಿ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಬಕೆಟ್ಟನ್ನೂ ಒಂದು ಗಟ್ಟಿ ಪೀಠದ ಮೇಲಿಟ್ಟರೆ ಚೆಂಬು ಮುಳುಗಿಸಲು ಬಗ್ಗಬೇಕಿಲ್ಲ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಾದರೆ, ಅದರ ಮೇಲಿಡುವ, ನಡುವೆ ತೂತಿರುವ ಕುರ್ಚಿ ಅಂಗಡಿಯಲ್ಲಿ ಸಿಗುತ್ತದೆ. ಕಮೋಡ್ ಇದ್ದರೆ ಸೀಟಿನ ಎತ್ತರ ಅಳೆಯಿರಿ. ಮಂಡಿನೋವಿನವರಿಗೆ 43ರಿಂದ 48 ಸೆಂಟಿಮೀಟರ್ ಇದ್ದರೆ ಏಳುವುದು ಸುಲಭ.

ಮೂರನೆಯದು ನೆಲ. ಹಳೆಯ ಬಚ್ಚಲಿನ ಒರಟು ಕಲ್ಲುಚಪ್ಪಡಿ ಕಾಲನ್ನು ಹಿಡಿಯುತ್ತಿತ್ತು. ನುಣುಪು ಟೈಲ್ಸ್ ಮೇಲೆ ಸೋಪಿನ ನೀರು ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ. ನಿಮ್ಮ ವಿಜ್ಞಾನ ಪುಸ್ತಕದ ಘರ್ಷಣೆಯೇ ಇದು! ನೆಲಕ್ಕೆ ಕಚ್ಚಿಕೊಳ್ಳುವ ರಬ್ಬರ್ ಮ್ಯಾಟ್ ಹಾಸಿ, ವಾರಕ್ಕೊಮ್ಮೆ ಅದರ ಅಡಿಯನ್ನೂ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಅಲ್ಲೇ ಪಾಚಿ ಕಟ್ಟುತ್ತದೆ. ಬಾಗಿಲಲ್ಲಿ ಮಡಿಸಿ ಹಾಕಿದ ಹಳೆ ಸೀರೆ, ಗೋಣಿಚೀಲ ಬೇಡ, ಅವೇ ಜಾರುತ್ತವೆ. ದೀಪಾವಳಿ, ಯುಗಾದಿಯ ಎಣ್ಣೆಸ್ನಾನದ ದಿನ ಇನ್ನೂ ಎಚ್ಚರ. ಎಣ್ಣೆ ಹಚ್ಚುವುದು ಹೊರಗೆ ಕುರ್ಚಿಯ ಮೇಲೆ ಆಗಲಿ. ಒಳಗೆ ಕಾಲಿಡುವ ಮುಂಚೆ ಅಂಗಾಲು ಒರೆಸಿ. ಒಬ್ಬರ ಸ್ನಾನವಾದ ಮೇಲೆ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿಯೇ ಇನ್ನೊಬ್ಬರು ಹೋಗಲಿ.

ನಾಲ್ಕನೆಯ ಪರೀಕ್ಷೆ ರಾತ್ರಿಯದು. ದೀಪ ಆರಿಸಿದ ಮೇಲೆ ಅಪ್ಪ ಅಥವಾ ಅಮ್ಮನ ಕೈ ಹಿಡಿದು, ಅಜ್ಜಿಯ ಮಂಚದಿಂದ ಶೌಚಾಲಯದವರೆಗೆ ನೀವೇ ನಡೆದು ನೋಡಿ. ಸ್ವಿಚ್ ಎಷ್ಟು ದೂರ? ಕಾಲಿಗೆ ಏನು ಸಿಕ್ಕಿತು? ಚಪ್ಪಲಿ, ಚಾರ್ಜರ್ ವೈರು, ಹೊಸ್ತಿಲು? ಎಲ್ಲ ಬರೆದುಕೊಳ್ಳಿ. ದಾರಿಯಲ್ಲೊಂದು ಸಣ್ಣ ರಾತ್ರಿದೀಪ ಹಾಕಿ, ಹೊಸ್ತಿಲ ಅಂಚಿಗೆ ಎದ್ದು ಕಾಣುವ ಬಣ್ಣದ ಟೇಪು ಅಂಟಿಸಿ. ಅಜ್ಜಿ ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಲಿ. ಮಲಗಿದವರು ತಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು.

ಐದನೆಯದು ಚಿಲಕ. ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿ. ಅದಾಗುವವರೆಗೆ ನೀವೊಂದು ರಟ್ಟಿನ ಫಲಕ ಮಾಡಿ, "ಅಜ್ಜಿ ಒಳಗಿದ್ದಾರೆ" ಎಂದು ಬರೆದು, ಬಾಗಿಲಿಗೆ ತೂಗುಹಾಕಿ. ಅದು ಕಂಡರೆ ಮನೆಯವರೆಲ್ಲ ಬಾಗಿಲು ತಟ್ಟಿ, ಉತ್ತರಕ್ಕೆ ಕಾಯಬೇಕು. ಅಜ್ಜಿಯ ಮರ್ಯಾದೆಯೂ ಉಳಿಯಬೇಕು, ಜೀವವೂ ಉಳಿಯಬೇಕು.

ಬಿಸಿನೀರಿನದೂ ಒಂದು ಮಾತು. 60 ಡಿಗ್ರಿ ಸೆಲ್ಸಿಯಸ್ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ವಯಸ್ಸಾದವರ ಚರ್ಮ ತೆಳು. ಗೀಸರಿನ ತಾಪವನ್ನು ದೊಡ್ಡವರು 50 ಡಿಗ್ರಿಗಿಂತ ಕೆಳಗಿಡಲಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇರಲೇಬಾರದು. ಅದರಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಪ್ರಾಣ ತೆಗೆಯುತ್ತದೆ.

ಅಜ್ಜ ಅಜ್ಜಿಯರೇ, ಇನ್ನು ನಿಮ್ಮೊಡನೆ ಎರಡು ಮಾತು. ಕಳೆದ ವಾರ ಸ್ವಲ್ಪ ಜಾರಿತು, ಗೋಡೆ ಸಿಕ್ಕಿದ್ದರಿಂದ ಉಳಿದೆ ಎಂಬ ಸಂಗತಿಯನ್ನು ನಿಮ್ಮಲ್ಲಿ ಹಲವರು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೀರಿ. ಹೇಳಿದರೆ ಮಕ್ಕಳು ಗಾಬರಿಯಾಗುತ್ತಾರೆ, ಒಬ್ಬರನ್ನೇ ಎಲ್ಲೂ ಬಿಡುವುದಿಲ್ಲ ಎಂಬ ಅಂಜಿಕೆ. ರಾತ್ರಿ ಏಳಬೇಕಾಗುತ್ತದೆಂದು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುವವರೂ ಇದ್ದೀರಿ. ಹಾಗೆ ಮಾಡಿದರೆ ದೇಹ ಒಣಗಿ ತಲೆ ಸುತ್ತುವುದು ಹೆಚ್ಚಾಗುತ್ತದೆ. ಜಾರಿದ್ದನ್ನು ಹೇಳಿಬಿಡಿ. ಹಿಡಿಕೆ ಎಲ್ಲಿ ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಹಿಡಿಕೆ ಹಿಡಿದು ಒಬ್ಬರೇ ಸ್ನಾನ ಮುಗಿಸಿ ಬರುವುದರಲ್ಲಿ ಸಣ್ಣತನವೇನಿಲ್ಲ.

ಮನೆಯವರೇ, ಹೇಳಿದವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಮಕ್ಕಳೇ, ಯಾರಾದರೂ ಬಿದ್ದರೆ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ದೊಡ್ಡವರನ್ನು ಕೂಗಿ. ಸೊಂಟ ನೋಯುತ್ತಿದ್ದರೆ, ಕಾಲು ಅಲುಗಿಸಲಾಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಏಟು ಬಿದ್ದರೆ, ಗಾಯ ಕಾಣದಿದ್ದರೂ ವೈದ್ಯರ ಬಳಿ ಹೋಗಲೇಬೇಕು.

ಈಗ ಟೇಪು, ಸೀಮೆಸುಣ್ಣ ಹಿಡಿದು ಹೊರಡಿ. ಗುರುತು ಹಾಕುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ: "ಅಜ್ಜಿ, ಇಲ್ಲಿ ಸರಿಯಾ?"