ಮೊದಲ ಟಿಕೆಟ್ ಕೊಳ್ಳುವ ಮುನ್ನ

2024ರಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ 25 ಕೋಟಿ ರೂಪಾಯಿ ಕರ್ನಾಟಕದ ಒಬ್ಬ ದುಡಿಮೆಗಾರನಿಗೆ ಬಂದಿತು. ಬೆವರು ಸುರಿಸಿ ಉಣ್ಣುವವನಿಗೆ ಬಂದಿತೆಂದು ನಮಗೂ ಸಂತೋಷವೇ. ಆದರೆ ಆ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿಯಿತ್ತು. ಆ ಒಂದೇ ಡ್ರಾಗಾಗಿ 500 ರೂಪಾಯಿಯ 71 ಲಕ್ಷಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾಗಿದ್ದವು. ಮೊದಲ ಬಹುಮಾನ ಒಬ್ಬನಿಗೆ, ಉಳಿದ ಬಹುಮಾನಗಳು ಇನ್ನು ಕೆಲವರಿಗೆ. ಉಳಿದ ಲಕ್ಷಾಂತರ ಮಂದಿಯ ಹಣ ಹೋಯಿತು. ಅವರ ಮನೆಗೆ ಯಾವ ಪತ್ರಕರ್ತನೂ ಹೋಗಲಿಲ್ಲ.

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ. ಆದರೆ ಗಡಿ ದಾಟಿ ಮಂಜೇಶ್ವರಕ್ಕೋ ಸುಲ್ತಾನ್ ಬತ್ತೇರಿಗೋ ಹೋದವನಿಗೆ ಟಿಕೆಟ್ ಸಿಗುತ್ತದೆ. ಕಾಸರಗೋಡಿನ ಕನ್ನಡ ಬಂಧುಗಳಿಗಂತೂ ಅದು ಮನೆ ಬಾಗಿಲಿನ ಸರಕು. ಎಂದೂ ಟಿಕೆಟ್ ಕೊಳ್ಳದವರು ಕೂಡ "ನಾವೂ ಒಮ್ಮೆ ನೋಡೋಣ" ಎನ್ನತೊಡಗಿದ್ದಾರೆ. ಅಂಥವರೊಡನೆ ನಾವು ನಾಲ್ಕು ಮಾತನಾಡಬೇಕಾಗಿದೆ.

ಅವರನ್ನು ಹೀಗಳೆಯುವ ಅಧಿಕಾರ ನಮಗಿಲ್ಲ. ಬೆಳೆ ಕೈಕೊಟ್ಟು, ಕೂಲಿ ಏರದೆ, ಸಾಲ ಮಾತ್ರ ಬೆಳೆಯುತ್ತಿರುವ ಮನೆಯಲ್ಲಿ ಒಂದು ಚೀಟಿ ಕೊಡುವ ಆಸೆಯ ಬೆಲೆ ಉಳ್ಳವರಿಗೆ ತಿಳಿಯದು. ಅಲ್ಲದೆ ಈ ವಿಷಯದಲ್ಲಿ ಸಮಾಜವಾದಿಗಳ ಕೈಯೂ ಬೇರೆಯಾಗಿಲ್ಲ. 1967ರಲ್ಲಿ ಕೇರಳ ಸರ್ಕಾರ ತನ್ನದೇ ಲಾಟರಿಯನ್ನು ಸ್ಥಾಪಿಸಿದಾಗ ಹಣಕಾಸು ಮಂತ್ರಿಯಾಗಿದ್ದವರು ಸಂಯುಕ್ತ ಸೋಷಲಿಸ್ಟ್ ಪಕ್ಷದ ಪಿ.ಕೆ. ಕುಂಞು. ಕೆಲಸವಿಲ್ಲದವರಿಗೆ ಅನ್ನ, ಬೊಕ್ಕಸಕ್ಕೆ ಆದಾಯ ಎಂಬುದು ಅದರ ಉದ್ದೇಶ. ಇಂದಿಗೂ ಅಲ್ಲಿ ಎಷ್ಟೋ ಅಂಗವಿಕಲರು, ವೃದ್ಧರು ಟಿಕೆಟ್ ಮಾರಿ ಬದುಕುತ್ತಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಆದಾಯ ಬರುವುದು ಯಾರ ಜೇಬಿನಿಂದ ಎಂಬುದನ್ನು ಮರೆಯಬಾರದು.

ಆದ್ದರಿಂದ ಮೊದಲು ಲೆಕ್ಕ. ದಿನಕ್ಕೊಂದರಂತೆ 71 ಲಕ್ಷ ಟಿಕೆಟ್ ಕೊಳ್ಳಲು 19 ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕು. ಒಂದರ ಬದಲು ಎರಡು ಕೊಂಡರೆ 71 ಲಕ್ಷದಲ್ಲಿ ಎರಡು ಪಾಲು, ಅಷ್ಟೆ. ಹತ್ತು ಸಲ ಬಾರದ್ದು ಹನ್ನೊಂದನೆಯ ಸಲ ಬಂದೀತೆಂಬುದು ಭ್ರಮೆ. ಡ್ರಾ ಯಂತ್ರಕ್ಕೆ ನೆನಪಿಲ್ಲ, ಕರುಣೆಯೂ ಇಲ್ಲ. ಅದೃಷ್ಟದ ಸಂಖ್ಯೆ ಹೇಳಿ ದಕ್ಷಿಣೆ ಕೇಳುವ ಜ್ಯೋತಿಷಿಗೆ ಆ ಸಂಖ್ಯೆ ಮೊದಲೇ ತಿಳಿದಿದ್ದರೆ ದಕ್ಷಿಣೆ ಏಕೆ ಬೇಕಿತ್ತು?

ಎರಡನೆಯದು ಹಣ. ಟಿಕೆಟಿಗೆ ಕೊಟ್ಟ ಹಣ ಸಿನಿಮಾಕ್ಕೆ ಕೊಟ್ಟಂತೆ, ಹೋದದ್ದು ಹೋಯಿತು. ಅಷ್ಟು ಹೋದರೂ ಮನೆಯಲ್ಲಿ ಒಲೆ ಉರಿಯುವುದೇ ಎಂದು ಕೇಳಿಕೊಂಡು, ತಿಂಗಳಿಗೆ ಇಷ್ಟೇ ಎಂದು ಹೆಂಡತಿ ಮಕ್ಕಳ ಮುಂದೆ ಹೇಳಿ ಕೊಳ್ಳಿರಿ. ಮುಚ್ಚಿಟ್ಟು ಕೊಳ್ಳುವ ಟಿಕೆಟೇ ಚಟದ ಮೊದಲ ಗುರುತು. ಸಾಲ ತಂದು, ರೇಷನ್ನಿನ ಹಣ ಮುರಿದು, ಕಳೆದದ್ದನ್ನು ಹಿಂಪಡೆಯಲು ಎಂದೂ ಕೊಳ್ಳಬೇಡಿರಿ. 50 ರೂಪಾಯಿಯ ಟಿಕೆಟನ್ನು ದಿನಕ್ಕೊಂದು ಕೊಂಡರೆ ವರ್ಷಕ್ಕೆ 18,250 ರೂಪಾಯಿ. ಕೂಲಿಯವನಿಗೆ ಅದು ಮಗಳ ಕಾಲೇಜು ಫೀಸು.

ಮೂರನೆಯದು ಮೋಸ. ಕೇರಳ ಸರ್ಕಾರ ಆನ್‌ಲೈನಿನಲ್ಲಿ ಟಿಕೆಟ್ ಮಾರುವುದಿಲ್ಲ. ಅಚ್ಚಾದ ಕಾಗದದ ಟಿಕೆಟೇ ಟಿಕೆಟ್. ಕೊಳ್ಳದ ಲಾಟರಿಯಲ್ಲಿ ಗೆದ್ದಿದ್ದೀರಿ, ಮೊದಲು ಶುಲ್ಕ ಕಳುಹಿಸಿ ಎಂದು ಮೊಬೈಲಿಗೆ ಬರುವ ಸಂದೇಶ ಕಳ್ಳನದು. ಕೊಂಡ ಟಿಕೆಟಿನ ಹಿಂಬದಿಗೆ ಸಹಿ ಹಾಕಿ ಜೋಪಾನವಾಗಿಡಿರಿ. ಬಹುಮಾನ ಬಂದರೆ 30 ದಿನಗಳೊಳಗೆ ಟಿಕೆಟ್ ಒಪ್ಪಿಸಬೇಕು. 25 ಕೋಟಿ ಎಂದ ಮಾತ್ರಕ್ಕೆ ಅಷ್ಟೂ ಕೈಗೆ ಬರುವುದಿಲ್ಲ. ಏಜೆಂಟನಿಗೆ ಕಮಿಷನ್, ಉಳಿದುದಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಸರ್‌ಚಾರ್ಜು, ಇವೆಲ್ಲ ಕಳೆದರೆ ಉಳಿಯುವುದು ಸುಮಾರು ಅರ್ಧ.

ಸರ್ಕಾರಗಳಿಗೂ ನಮ್ಮ ಒಂದು ಮಾತಿದೆ. ಬೀಡಿ ಕಟ್ಟಿನ ಮೇಲೆ ಎಚ್ಚರಿಕೆ ಅಚ್ಚು ಮಾಡಿಸುವವರು, ಗೆಲ್ಲುವ ಸಂಭವ ಎಷ್ಟು ಲಕ್ಷಕ್ಕೆ ಒಂದು ಎಂಬುದನ್ನು ಲಾಟರಿ ಟಿಕೆಟಿನ ಮೇಲೂ ಬಹುಮಾನದ ಮೊತ್ತದಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಲಿ. ಬಡವನ ಆಸೆಯಿಂದ ಆದಾಯ ಪಡೆಯುವವರು ಅವನಿಗೆ ಇಷ್ಟಾದರೂ ಸತ್ಯವನ್ನು ಹೇಳಬೇಕು.

ಕೊನೆಗೆ ಒಂದು ಮಾತು. ಟಿಕೆಟ್ ಕೊಳ್ಳುವುದಾದರೆ ಆಟಕ್ಕೆಂದು ಒಂದು ಕೊಳ್ಳಿರಿ, ಬದುಕಿಗೆಂದು ಕೊಳ್ಳಬೇಡಿರಿ. ಲಾಟರಿ ಲಕ್ಷಾಂತರ ಮಂದಿಯಿಂದ ತೆಗೆದು ಒಬ್ಬನಿಗೆ ಕೊಡುತ್ತದೆ. ನ್ಯಾಯವಾದ ಕೂಲಿ, ಬೆಳೆಗೆ ತಕ್ಕ ಬೆಲೆ, ಸಹಕಾರ ಸಂಘದ ಸಾಲ, ಇವು ಎಲ್ಲರಿಗೂ ಸಲ್ಲುವಂಥವು. ಇವಕ್ಕೆ ಡ್ರಾ ಇಲ್ಲ. ಒಟ್ಟಾಗಿ ನಿಂತು ಕೇಳಬೇಕು, ಅಷ್ಟೆ.