ಜೆಟ್ ಸ್ಕೀ ಓಡಿಸುವವನ ಜಾಕೆಟ್ ಎಲ್ಲಿ?

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿರುವ ಕರಾವಳಿಯ ಐಟಿ ಹುಡುಗರಿಗೆ ಸಂಬಳವಿಲ್ಲದ ಒಂದು ಕೆಲಸ ಅಂಟಿಕೊಳ್ಳುತ್ತದೆ. ಆಫೀಸಿನವರಿಗೆಲ್ಲ ಟೂರ್ ಪ್ಲಾನ್ ಹಾಕಿಕೊಡುವುದು! "ನಿಮ್ಮೂರು ಆ ಕಡೆ ಅಲ್ವಾ ಮಗಾ, ಎರಡು ದಿನಕ್ಕೆ ಏನೇನ್ ನೋಡ್ಬಹುದು ಹೇಳು" ಅಂತ ಟೀಮಿಗೊಬ್ಬರಾದರೂ ಬಂದು ನಿಲ್ಲುತ್ತಾರೆ. ಕಾರ್ಕಳದವನಾದ ನನ್ನ ಹತ್ತಿರ ಇದಕ್ಕೆ ಒಂದು ರೆಡಿಮೇಡ್ ಪಟ್ಟಿಯೇ ಉಂಟು. ಶನಿವಾರ ಬೆಳಿಗ್ಗೆ ಕಾರ್ಕಳದ ಗೊಮ್ಮಟ, ಮಧ್ಯಾಹ್ನ ಉಡುಪಿಯಲ್ಲಿ ಊಟ, ಸಂಜೆ ಮಣಿಪಾಲದ ಎಂಡ್ ಪಾಯಿಂಟ್. ಭಾನುವಾರ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಸೂರ್ಯ ಮುಳುಗುವ ಹೊತ್ತಿಗೆ ಕಾಪುವಿನ ದೀಪಸ್ತಂಭ. ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಹಾಜರ್.

1432ರಲ್ಲಿ ನಿಂತ 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟನ ಬಗ್ಗೆ ನಾನು ಎಷ್ಟು ಕೊರೆದರೂ, ಕೊನೆಗೆ ತಿರುಗಿ ಬರುವ ಪ್ರಶ್ನೆ ಒಂದೇ. "ಅದೆಲ್ಲ ಸರಿ, ಜೆಟ್ ಸ್ಕೀ ಎಲ್ಲಿ ಸಿಗುತ್ತೆ?" :-)

ಸಿಗುತ್ತದೆ ಸ್ವಾಮಿ. ಮಲ್ಪೆಯಲ್ಲಿ ಸಿಗುತ್ತದೆ, ಕುಂದಾಪುರ ದಾಟಿ ಹೋದರೆ ತ್ರಾಸಿಯಲ್ಲೂ ಸಿಗುತ್ತದೆ. ದುಡ್ಡು ಕೊಟ್ಟು ಜಾಕೆಟ್ ಹಾಕಿಕೊಂಡು ಕೂತರೆ ಐದು ನಿಮಿಷ ಅಲೆಗಳ ಮೇಲೆ ಕುಣಿಸಿ, ಮುಖಕ್ಕೆಲ್ಲ ಉಪ್ಪುನೀರು ಎರಚಿಸಿ, ಕಿರುಚಾಡಿಸಿ ದಡಕ್ಕೆ ತಂದು ಬಿಡುತ್ತಾರೆ. ಮಜಾ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅಂತ ಗೊಣಗುವ ವಯಸ್ಸೂ ನನಗಿನ್ನೂ ಆಗಿಲ್ಲ. ನನ್ನ ತಕರಾರು ಆ ಗಾಡಿಯ ಮೇಲೆ ಅಲ್ಲ. ಅದರ ಮೇಲೆ ಕೂತ ಇಬ್ಬರಲ್ಲಿ ಒಬ್ಬರನ್ನು ನಾವು ನೋಡುವುದೇ ಇಲ್ಲವಲ್ಲ, ಅದರ ಮೇಲೆ.

2024ರ ಡಿಸೆಂಬರ್ ತಿಂಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. 10ನೇ ತಾರೀಕು, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಇಡೀ ರಾಜ್ಯ ಮರುಗಿತು. 18ನೇ ತಾರೀಕು ಮುಂಬೈಯಲ್ಲಿ ನೌಕಾಪಡೆಯ ಸ್ಪೀಡ್ ಬೋಟೊಂದು ಪ್ರವಾಸಿಗರ ದೋಣಿಗೆ ಗುದ್ದಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಟೀವಿಗಳಲ್ಲಿ ದಿನಗಟ್ಟಲೆ ಅದೇ ಸುದ್ದಿ. ಅದಾಗಿ ಕೆಲವೇ ದಿನಕ್ಕೆ ನಮ್ಮ ಉಡುಪಿ ಜಿಲ್ಲೆಯ ತ್ರಾಸಿಯಲ್ಲಿ ಒಂದು ಜೆಟ್ ಸ್ಕೀ ಮಗುಚಿತು. ಅದರಲ್ಲಿ ಇದ್ದವರು ಇಬ್ಬರು. ಬೆಂಗಳೂರಿನಿಂದ ಬಂದ ಪ್ರವಾಸಿಯೊಬ್ಬರು, ಮತ್ತು ಜೆಟ್ ಸ್ಕೀ ಓಡಿಸುವ ಕೆಲಸದವರೊಬ್ಬರು. ಪ್ರವಾಸಿಯನ್ನು ಕಾಪಾಡಿದರು. ಓಡಿಸುವವರು ಕಾಣೆಯಾದರು, ಆಮೇಲೆ ಸಿಕ್ಕಿದ್ದು ಶವ. ಆಗ ಬಂದ ವರದಿಗಳ ಪ್ರಕಾರ ಪ್ರವಾಸಿ ಲೈಫ್ ಜಾಕೆಟ್ ಹಾಕಿದ್ದರು. ಓಡಿಸುತ್ತಿದ್ದವರು ಹಾಕಿರಲಿಲ್ಲ.

ಈ ಕೊನೆಯ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಬೆಂಗಳೂರಿನ ನನ್ನ ಗೆಳೆಯರಲ್ಲಿ ಒಬ್ಬನಿಗೂ ಇರಲಿಲ್ಲ. ಅವರ ತಪ್ಪು ಅಂತ ಹೇಳುತ್ತಿಲ್ಲ. ಸತ್ತವರು ಪ್ರವಾಸಿಯಾಗಿದ್ದರೆ ಸುದ್ದಿ ಘಟ್ಟ ಹತ್ತುತ್ತಿತ್ತು ಅನ್ನುವುದು ಮಾತ್ರ ನನ್ನ ಅನುಮಾನ.

ಕಡಲಲ್ಲಿ ಕೆಲಸ ಮಾಡುವವನಿಗೆ ಈಜು ಬರುವುದಿಲ್ಲವಾ, ಅವನಿಗ್ಯಾಕೆ ಜಾಕೆಟ್ ಅಂತ ನೀವು ಕೇಳಬಹುದು. ನಾನು ಓದಿದ್ದು ಮೆಕ್ಯಾನಿಕಲ್, ತಿನ್ನುವುದು ಸಾಫ್ಟ್‌ವೇರಿನ ಅನ್ನ. ಆ ಹಳೆಯ ಚಟಕ್ಕೆ ಈ ಗಾಡಿ ಹೇಗೆ ಓಡುತ್ತದೆ ಅಂತ ಸ್ವಲ್ಪ ಓದಿಕೊಂಡೆ. ಅಂದ ಹಾಗೆ ಜೆಟ್ ಸ್ಕೀ ಅನ್ನುವುದು ಕವಾಸಾಕಿ ಕಂಪನಿಯ ಬ್ರ್ಯಾಂಡಿನ ಹೆಸರು. ನಾವು ಫೋಟೋಕಾಪಿಗೆಲ್ಲ ಜೆರಾಕ್ಸ್ ಅಂದ ಹಾಗೆ ಈಗ ಯಾವ ಕಂಪನಿಯದ್ದಾದರೂ ಅದು ಜೆಟ್ ಸ್ಕೀಯೇ. 1970ರ ದಶಕದ ಆರಂಭದಲ್ಲಿ ಬಂದ ಮೊದಲ ಕವಾಸಾಕಿಗಳು ಒಬ್ಬನೇ ನಿಂತುಕೊಂಡು ಓಡಿಸುವಂಥವು. ಕೂತು ಓಡಿಸುವ, ಇಬ್ಬರು ಮೂವರು ಹತ್ತುವ ಗಾಡಿಗಳ ಕಾಲ ಆಮೇಲಿನದು.

ಇದರ ಹಿಂದೆ ದೋಣಿಗಿರುವಂಥ ಚುಕ್ಕಾಣಿ ಇರುವುದಿಲ್ಲ. ಇಂಜಿನ್ ಗಾಡಿಯ ಅಡಿಯಿಂದ ನೀರನ್ನು ಎಳೆದುಕೊಂಡು ಹಿಂದಿನ ಕೊಳವೆಯಿಂದ ರಭಸವಾಗಿ ಉಗುಳುತ್ತದೆ. ಆ ನೀರಿನ ತಳ್ಳುವಿಕೆಯಿಂದಲೇ ಗಾಡಿ ಮುಂದೆ ಹೋಗುವುದು. ನೀವು ಹ್ಯಾಂಡಲ್ ತಿರುಗಿಸಿದಾಗ ತಿರುಗುವುದೂ ಆ ಕೊಳವೆಯ ಬಾಯಿಯೇ. ಹಾಗಾದರೆ ಆಕ್ಸಿಲರೇಟರ್ ಬಿಟ್ಟುಬಿಟ್ಟರೆ? ನೀರು ಉಗುಳುವುದು ನಿಂತಿತು, ತಿರುಗಿಸುವ ಶಕ್ತಿಯೂ ಹೋಯಿತು. ಹ್ಯಾಂಡಲ್ ಎಷ್ಟು ತಿರುವಿದರೂ ಗಾಡಿ ತನ್ನ ವೇಗದಲ್ಲಿ ನೇರಕ್ಕೆ ಜಾರಿಕೊಂಡು ಹೋಗುತ್ತದೆ. ಹೊಸ ಮಾದರಿಗಳಲ್ಲಿ ಇದಕ್ಕೆ ಕೆಲವು ಪರಿಹಾರ ಮಾಡಿದ್ದಾರೆ, ಕೆಲವಕ್ಕೆ ಬ್ರೇಕ್ ಕೂಡಾ ಬಂದಿದೆ. ಆದರೆ ಮೂಲ ಸ್ವಭಾವ ಇದೇ.

ಈಗ ಬೈಕ್ ಓಡಿಸುವ ನಮ್ಮ ಅಭ್ಯಾಸವನ್ನು ಯೋಚಿಸಿ. ಎದುರಿಗೆ ಏನಾದರೂ ಬಂದರೆ ಕೈ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ, ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತದೆ. ರಸ್ತೆಯ ಮೇಲೆ ಜೀವ ಉಳಿಸುವ ಅದೇ ಬುದ್ಧಿ ಜೆಟ್ ಸ್ಕೀಯಲ್ಲಿ ನೇರ ತಗೊಂಡು ಹೋಗಿ ಗುದ್ದಿಸುತ್ತದೆ! ಯೂಸರ್ ಇಂಟರ್ಫೇಸ್ ಬಗ್ಗೆ ದಿನವಿಡೀ ಜಗಳ ಮಾಡುವ ನಮ್ಮಂಥವರಿಗೆ ಇದಕ್ಕಿಂತ ಹೆದರಿಸುವ ಡಿಸೈನ್ ಬೇರೆ ಬೇಕಾ? ಇದರ ಮೇಲೆ "ಒಂದ್ಸಲ ನಂಗೆ ಕೊಡಿ ಅಣ್ಣಾ" ಅಂತ ಹ್ಯಾಂಡಲ್‌ಗೆ ಕೈ ಹಾಕುವ ಗಿರಾಕಿಗಳು ಬೇರೆ. ಓಡಿಸುವವನು ಅಲೆಯನ್ನೂ ನೋಡಬೇಕು, ಈಜುವವರನ್ನೂ ನೋಡಬೇಕು, ಗಿರಾಕಿಯ ಕೈಯನ್ನೂ ನೋಡಬೇಕು.

ಬಿದ್ದರೆ ಏನಾಗುತ್ತದೆ? ಓಡಿಸುವವನ ಮೈಗೋ ಮಣಿಕಟ್ಟಿಗೋ ಸುರುಳಿಯ ದಾರವೊಂದನ್ನು ಕಟ್ಟಿರುತ್ತಾರೆ. ಅವನು ಬಿದ್ದ ಕೂಡಲೇ ಅದು ಕಿತ್ತುಕೊಂಡು ಇಂಜಿನ್ ನಿಲ್ಲುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಗಾಡಿ ಮಗುಚುವಾಗ ಅದರ ಅಂಚೋ ಹ್ಯಾಂಡಲ್ಲೋ ತಲೆಗೆ ಬಡಿದರೆ? ಪ್ರಜ್ಞೆ ತಪ್ಪಿದವನಿಗೆ ಈಜು ಬಂದರೆಷ್ಟು, ಬಿಟ್ಟರೆಷ್ಟು? ಈಜು ಮನುಷ್ಯ ಎಚ್ಚರ ಇದ್ದಾಗ ಮಾತ್ರ ಕೆಲಸಕ್ಕೆ ಬರುವ ವಿದ್ಯೆ. ಜಾಕೆಟ್ ಎಚ್ಚರ ಇಲ್ಲದಾಗಲೂ ತೇಲಿಸುವ ವಸ್ತು. "ನನಗೆ ಈಜು ಬರುತ್ತದೆ" ಅನ್ನುವುದು "ನಾನು ಒಳ್ಳೆ ಡ್ರೈವರ್, ನನಗೆ ಸೀಟ್ ಬೆಲ್ಟ್ ಬೇಡ" ಅಂದ ಹಾಗೇ ಆಯಿತು.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮನ ಮಗನನ್ನು ಕಡಲಿಗೆ ಕರೆದುಕೊಂಡು ಹೋಗಿದ್ದೆ. (ಯಾವ ಬೀಚು ಅಂತ ಕೇಳಬೇಡಿ, ಹೆಸರು ಮುಖ್ಯ ಅಲ್ಲ.) ಅವನಿಗೆ ಜಾಕೆಟ್ ತೊಡಿಸಿ, ಪಟ್ಟಿ ಎಲ್ಲ ಬಿಗಿದು, ಎರಡೆರಡು ಸಲ ಎಳೆದು ನೋಡಿದ ಅಣ್ಣನ ಮೈಮೇಲೆ ಇದ್ದದ್ದು ಬರೀ ಟೀ ಶರ್ಟು. ನಿಮ್ಮ ಜಾಕೆಟ್ ಎಲ್ಲಿ ಅಣ್ಣಾ ಅಂತ ತುಳುವಿನಲ್ಲಿ ಕೇಳಿದೆ. "ದಾಲ ಆಪುಜಿ ಮಾರಾಯ್ರೆ" ಅಂತ ನಕ್ಕರು. ಏನೂ ಆಗುವುದಿಲ್ಲ ಅಂತ. ನೀವು ಹಾಕದಿದ್ದರೆ ತಮ್ಮನನ್ನು ಕಳಿಸುವುದಿಲ್ಲ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದರು, ಹಿಂದಿದ್ದ ರಾಶಿಯಿಂದ ಒಂದು ಎತ್ತಿ ಹಾಕಿಕೊಂಡರು. ಅಷ್ಟೇ. ಹತ್ತು ಸೆಕೆಂಡಿನ ಕೆಲಸ.

ವಾಪಸ್ ಬಂದ ಮೇಲೆ ಅವರ ಜೊತೆ ಸ್ವಲ್ಪ ಮಾತಾಡಿದೆ. ಅವರಿಗೂ ಅವರದೇ ಕಾರಣಗಳಿವೆ. ನಾವು ಹಾಕುವುದು ಐದು ನಿಮಿಷಕ್ಕೆ. ಅವರಿಗೆ ಬೆಳಿಗ್ಗೆಯಿಂದ ಸಂಜೆಯ ತನಕ. ಆ ದಪ್ಪ ಜಾಕೆಟ್ಟು ಒದ್ದೆಯಾಗಿ, ಉಪ್ಪು ಕಟ್ಟಿ, ಬಿಸಿಲಿಗೆ ಕಾದು ಕುತ್ತಿಗೆ ಕಂಕುಳೆಲ್ಲ ಉಜ್ಜಿ ಉರಿ ಬರುತ್ತದೆ. ಕೈ ಆಡಿಸುವುದೂ ಕಷ್ಟ. ರಶ್ ಇದ್ದ ದಿನ ಇರುವ ಜಾಕೆಟ್ಟೆಲ್ಲ ಗಿರಾಕಿಗಳಿಗೇ ಬೇಕು. ಮತ್ತೊಂದು ಮಾತು ಹೇಳಿದರು ನೋಡಿ, ಅದು ನನ್ನನ್ನು ಬಹಳ ಕಾಡಿತು. ಓಡಿಸುವವನೇ ಜಾಕೆಟ್ ಹಾಕಿದರೆ "ಇವನಿಗೇ ಹೆದರಿಕೆ ಉಂಟು" ಅಂತ ಕೆಲವು ಗಿರಾಕಿಗಳು ಹಿಂದೆ ಸರಿಯುತ್ತಾರಂತೆ!

ಅಂದರೆ ನಮ್ಮ ಧೈರ್ಯಕ್ಕಾಗಿ ಅವರು ಬರಿಮೈಯಲ್ಲಿ ಹೋಗಬೇಕು. ಎಂಥ ನ್ಯಾಯ ಇದು?

ಕಡಲ ಬದಿಯ ಸುರಕ್ಷತೆ ಅನ್ನುವುದು ಮೊದಲು ಹುಟ್ಟಿದ್ದೇ ಕೆಲಸದವರಿಗಾಗಿ. ಕಾಪುವಿನ ದೀಪಸ್ತಂಭವನ್ನೇ ತಗೊಳ್ಳಿ. ಬಂಡೆಯ ಮೇಲೆ 1901ರಲ್ಲಿ ಅದನ್ನು ಕಟ್ಟಿದ್ದು ನಮ್ಮ ಸೆಲ್ಫಿಗಲ್ಲ, ಕತ್ತಲಲ್ಲಿ ಹಡಗು ನಡೆಸುವವರಿಗೆ ದಾರಿ ತಿಳಿಯಲಿ ಅಂತ. ನಮ್ಮ ಕಡೆಯವರಿಗೆ ಕಡಲು ಮೊದಲಿನಿಂದಲೂ ದುಡಿಯುವ ಜಾಗ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ 7 ಜನ ಮೀನುಗಾರರ ಜೊತೆ ಮರಳಲೇ ಇಲ್ಲ. ಅವಶೇಷ ಸಿಕ್ಕಿದ್ದು 2019ರ ಮೇಯಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ. ಆ ಬೇಸಗೆಯ ತನಕ ಇಲ್ಲಿಯ ಮನೆಗಳು ಹೇಗೆ ಕಾದವು ಅಂತ ಕರಾವಳಿಯವರಿಗೆ ಗೊತ್ತು. ಜೆಟ್ ಸ್ಕೀ ಓಡಿಸುವವನೂ ಅದೇ ಕಡಲಲ್ಲಿ ದುಡಿಯುವವನು. ಒಂದೇ ಸೀಟಿನಲ್ಲಿ ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಡ್ಯೂಟಿ. ರಜೆಯವರಿಗೆ ಜಾಕೆಟ್ ಕಡ್ಡಾಯ, ಡ್ಯೂಟಿಯವರಿಗೆ ಅವರವರ ಇಷ್ಟ ಅಂದರೆ ಹೇಗೆ?

ರಸ್ತೆಯಲ್ಲಿ ಇದು ಉಲ್ಟಾ ಇತ್ತು. ಓಡಿಸುವವನಿಗೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಗೆ ದೇವರೇ ಗತಿ! 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿಯವರಿಗೂ ಕಡ್ಡಾಯ ಮಾಡಿದಾಗ ನಾವೆಷ್ಟು ಗೊಣಗಿದೆವು. ಈಗ ಬೆಂಗಳೂರಿನಲ್ಲಿ ಎರಡು ಹೆಲ್ಮೆಟ್ ಇಲ್ಲದ ಬೈಕ್ ಟ್ಯಾಕ್ಸಿ ಕಂಡರೆ ನಾವೇ ಕೇಳುತ್ತೇವೆ. ಎರಡು ತಲೆಗೆ ಎರಡು ಹೆಲ್ಮೆಟ್ ಅಂತ ಅರ್ಥ ಮಾಡಿಕೊಂಡ ನಮಗೆ ಎರಡು ಜೀವಕ್ಕೆ ಎರಡು ಜಾಕೆಟ್ ಅನ್ನುವ ಲೆಕ್ಕ ಕಷ್ಟವಾ?

ಕರುಣೆ ಗಿರುಣೆ ಎಲ್ಲ ಬೇಡ, ಬರೀ ಸ್ವಾರ್ಥದಿಂದ ಯೋಚಿಸುತ್ತೀರಾ? ಸರಿ. ನೀವು ನೀರಿಗೆ ಬಿದ್ದರೆ ಮೊದಲು ಕೈ ಕೊಡಬೇಕಾದವರು ಯಾರು? ಗಾಡಿಯನ್ನು ಮತ್ತೆ ನೆಟ್ಟಗೆ ಮಾಡಿ, ಹಿಂದಿನಿಂದ ಹತ್ತಿ, ಆ ದಾರ ಸಿಕ್ಕಿಸಿ ಸ್ಟಾರ್ಟ್ ಮಾಡಲು ತಿಳಿದವರು ಯಾರು? ಅವರೊಬ್ಬರೇ. ಇಡೀ ಸಿಸ್ಟಮ್ಮು ಒಂದೇ ಸರ್ವರ್ ಮೇಲೆ ನಿಂತಿದೆ ಅಂತ ಗೊತ್ತಿದ್ದೂ ಅದಕ್ಕೇ ಬ್ಯಾಕಪ್ ಇಡದ ಕಂಪನಿಯನ್ನು ನೀವು ಏನೆನ್ನುತ್ತೀರಿ? ಅವರ ಜಾಕೆಟ್ ನಿಮ್ಮ ಎರಡನೇ ಜಾಕೆಟ್.

ಇಷ್ಟು ಹೇಳಿದರೆ ನಮ್ಮ ಹಿರಿಯರ ಉತ್ತರ ರೆಡಿ ಇರುತ್ತದೆ. "ಅದಕ್ಕೇ ಹೇಳಿದ್ದು, ಇಂಥದ್ದನ್ನೆಲ್ಲ ಬ್ಯಾನ್ ಮಾಡಬೇಕು." ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕಡಲು ಇಳಿಯಲಿಕ್ಕಾಗದು. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ಉಳಿದ ಕೆಲವು ತಿಂಗಳಲ್ಲಿ ವರ್ಷದ ದುಡಿಮೆ ಮಾಡಬೇಕಾದ ಹುಡುಗರು ಇವರು. ಬೆಂಗಳೂರಿಗೆ ಬಸ್ಸು ಹತ್ತದೆ ಊರಲ್ಲೇ ಉಳಿದು ದುಡಿಯುತ್ತಿದ್ದಾರೆ, ನನ್ನ ಹಾಗೆ ಓಡಿಬಂದಿಲ್ಲ. ಅವರ ಕೆಲಸ ಕಿತ್ತುಕೊಂಡು ಅವರ ಜೀವ ಉಳಿಸಿದೆವು ಅನ್ನುವುದು ಯಾವ ಪುರುಷಾರ್ಥ?

ಹಾಗಂತ ಹೊಸದು ಏನು ಬಂದರೂ ಚಪ್ಪಾಳೆ ಹೊಡೆಯುವುದೂ ಬೇಡ. 2022ರ ಮೇಯಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ತೆರೆದಾಗ ನಾವೆಲ್ಲ ಫೋಟೋ ಹಂಚಿದ್ದೇ ಹಂಚಿದ್ದು. ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಅದು ಬಿಚ್ಚಿಕೊಂಡಿತು. ಮಳೆಗಾಲ ಹತ್ತಿರ ಬರುವಾಗ ಕಡಲು ಹೇಗಿರುತ್ತದೆ ಅಂತ ಮಲ್ಪೆಯ ಯಾವ ಅಜ್ಜನನ್ನು ಕೇಳಿದ್ದರೂ ಹೇಳುತ್ತಿದ್ದರು.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದು ಮೂರು ಮಾತು.

ಒಂದು, ಬೀಚಿನಲ್ಲಿ ಜಲಕ್ರೀಡೆಗೆ ಅನುಮತಿ ಕೊಡುವವರು ಗಿರಾಕಿಯ ಜಾಕೆಟ್ ಜೊತೆಗೆ ಓಡಿಸುವವರ ಜಾಕೆಟ್ಟನ್ನೂ ಷರತ್ತಿನಲ್ಲಿ ಬರೆಯಲಿ, ಬರೆದಿದ್ದರೆ ದಡದಲ್ಲಿ ನಿಂತು ನೋಡಲಿ. ಅದೂ ಗಿರಾಕಿಗಳ ದಪ್ಪ ಜಾಕೆಟ್ ಅಲ್ಲ, ದಿನವಿಡೀ ಹಾಕಿಕೊಳ್ಳಲು ಆಗುವಂಥ, ಕೈಗೆ ತೊಡಕಾಗದ, ಮೈಗೆ ಅಂಟಿ ಕೂರುವ ತೆಳ್ಳನೆಯದು. ದುಡ್ಡು ಮಾಲೀಕ ಹಾಕಲಿ. ಕಾರ್ಖಾನೆಯಲ್ಲಿ ಹೆಲ್ಮೆಟ್, ಬೂಟು ಕಂಪನಿಯೇ ಕೊಡುವುದಿಲ್ಲವೇ?

ಎರಡು, ತರಬೇತಿ. ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮೋಟಾರ್ ಬೋಟ್ ಓಡಿಸುವವರಿಗೆ, ಜೀವರಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ನಾವು ಎದೆಯುಬ್ಬಿಸಿದೆವಲ್ಲ, ಸ್ನಾನ ಮಾಡುವವರ ಜಾಗ ಬೇರೆ, ಬೋಟುಗಳ ಜಾಗ ಬೇರೆ ಇರಬೇಕು ಅನ್ನುವುದೂ ಆ ಮಾನ್ಯತೆಯ ನಿಯಮಗಳಲ್ಲೇ ಬರುತ್ತದೆ. ಆ ಶಿಸ್ತು ಪಕ್ಕದ ಬೀಚುಗಳಿಗೂ ಹಬ್ಬಲಿ.

ಮೂರನೆಯದು ಸರಕಾರದ್ದಲ್ಲ, ನಮ್ಮದು. ದುಡ್ಡು ಕೊಡುವವರು ನಾವು. ನಮ್ಮ ಒಂದು ಮಾತಿಗೆ ಅಲ್ಲಿ ಬೆಲೆ ಇದೆ. "ಅಣ್ಣಾ, ನೀವೂ ಜಾಕೆಟ್ ಹಾಕ್ಕೊಳ್ಳಿ, ಆಮೇಲೆ ಹೋಗೋಣ" ಅಂದರೆ ಮುಗಿಯಿತು. ಅವರು ನಗಬಹುದು, ದಾಲ ಆಪುಜಿ ಅನ್ನಬಹುದು. ಪರವಾಗಿಲ್ಲ, ಇನ್ನೊಂದು ಸಲ ಹೇಳಿ. ನೂರು ಗಿರಾಕಿಗಳಲ್ಲಿ ಹತ್ತು ಜನ ಹೀಗೆ ಹಠ ಹಿಡಿದರೆ ಮುಂದಿನ ಸೀಸನ್ನಿಗೆ ಮಾಲೀಕನೇ ಅವರಿಗೊಂದು ತಂದು ಕೊಡುತ್ತಾನೆ. ಜಾಕೆಟ್ ಹಾಕಿದ ಸವಾರನನ್ನು ಕಂಡು ಹೆದರುವ ಗಿರಾಕಿ ಇರುವ ತನಕ ಹಾಕದ ಸವಾರ ಇರುತ್ತಾನೆ. ಮೊದಲು ಬದಲಾಗಬೇಕಾದವನು ಆ ಗಿರಾಕಿ.

ಚಳಿಗಾಲದ ರಜೆಗೆ ನಿಮ್ಮಲ್ಲಿ ಕೆಲವರಾದರೂ ಮಲ್ಪೆಗೋ ತ್ರಾಸಿಗೋ ಗೋಕರ್ಣಕ್ಕೋ ಹೋಗುತ್ತೀರಿ. ಖಂಡಿತ ಹೋಗಿ, ಜೆಟ್ ಸ್ಕೀ ಹತ್ತಿ, ಮನಸಾರೆ ಕಿರುಚಿ. ಹತ್ತುವ ಮುಂಚೆ ಒಂದೇ ಒಂದು ಸಲ ನಿಮ್ಮನ್ನು ಕರೆದುಕೊಂಡು ಹೋಗುವವರ ಎದೆಯ ಕಡೆ ನೋಡಿ. ಅಲ್ಲಿ ಕಿತ್ತಳೆ ಬಣ್ಣವೋ ಹಳದಿಯೋ ಏನಾದರೂ ಇದೆಯಾ?

ಇಲ್ಲದಿದ್ದರೆ ನೀವೇನು ಹೇಳಿದಿರಿ, ಅವರೇನು ಅಂದರು, ಬಂದು ನನಗೂ ತಿಳಿಸಿ.