ಭೂಕಂಪದ ಬೆಳಕು

ಭೂಕಂಪವೆಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಉರುಳಿದ ಮನೆಗಳು, ಬಿರಿದ ನೆಲ. ಈ ಭಯ ಸಹಜವೇ ಸರಿ. ಆದರೆ ಭೂಮಿಯ ಒಡಲನ್ನು ಅರಿಯಲು ಹೊರಟವರಿಗೆ ಭೂಕಂಪದಷ್ಟು ಉಪಕಾರ ಮಾಡಿದ ಸಂಗತಿ ಮತ್ತೊಂದಿಲ್ಲ. ಮನುಷ್ಯನು ಕೊರೆದ ಅತ್ಯಂತ ಆಳವಾದ ರಂಧ್ರ ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿದೆ. ಅದು ಇಳಿದಿರುವುದು 12 ಕಿಲೋಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೆ. ಅದಕ್ಕೂ ಕೆಳಗಿನ ವಾರ್ತೆಯನ್ನು ಮೇಲಕ್ಕೆ ತರುವ ದೂತರು ಬಹುಮಟ್ಟಿಗೆ ಭೂಕಂಪದ ಅಲೆಗಳೇ.

ಹಲಸಿನ ಹಣ್ಣನ್ನು ಕೊಯ್ಯುವ ಮುನ್ನ ತಟ್ಟಿ, ಸದ್ದನ್ನು ಕೇಳಿ, ಒಳಗಿನ ಹದವನ್ನು ತಿಳಿಯುವವರುಂಟು. ಭೂವಿಜ್ಞಾನಿಯ ರೀತಿಯೂ ಹೆಚ್ಚುಕಡಿಮೆ ಅದೇ. ತಟ್ಟುವ ಕೆಲಸವನ್ನು ಮಾತ್ರ ಪ್ರಕೃತಿಯೇ ಮಾಡುತ್ತದೆ. ಕಂಪನದಿಂದ ಹೊರಟ ಪ್ರಾಥಮಿಕ ಅಲೆ ಮೊದಲು ಬಂದು ಮುಟ್ಟುತ್ತದೆ, ದ್ವಿತೀಯಕ ಅಲೆ ಅನಂತರ. ಶಿಲೆ ಕಾದು ಮೆತ್ತಗಾಗಿದ್ದರೆ ಎರಡೂ ನಿಧಾನಿಸುತ್ತವೆ. ದ್ರವದೊಳಗಂತೂ ದ್ವಿತೀಯಕ ಅಲೆ ಸಾಗಲಾರದು. ಭೂಕವಚ ಮುಗಿದು ಮ್ಯಾಂಟಲ್ ಮೊದಲಾಗುವೆಡೆ ಅಲೆಗಳ ವೇಗ ಥಟ್ಟನೆ ಏರುತ್ತದೆ. ಕ್ರೊಯೇಷಿಯದ ಮೊಹೊರೊವಿಚಿಚ್ ಇದನ್ನು 1909ರ ಭೂಕಂಪವೊಂದರ ದಾಖಲೆಗಳಿಂದ ಕಂಡುಹಿಡಿದನು.

ಈ ವಿದ್ಯೆಯ ಬೆಲೆಯನ್ನು ತಿಳಿಯಲು ಐಸ್‌ಲೆಂಡಿನಂಥ ಜ್ವಾಲಾಮುಖಿಗಳ ದ್ವೀಪವನ್ನೇ ನೋಡಬೇಕು. ಅಟ್ಲಾಂಟಿಕ್ ಸಾಗರದ ನಡುವಣ ಏಣಿನ ಮೇಲೆ ಕುಳಿತಿರುವ ಈ ನಾಡಿನಲ್ಲಿ ಭೂಮಿಯ ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ. ಇಲ್ಲಿಯ ಭೂಕವಚ ಹತ್ತು ಹದಿನೈದು ಕಿಲೋಮೀಟರಿನಷ್ಟು ತೆಳುವಾದುದು, ಅದರಡಿ ಅರೆಕರಗಿದ ಶಿಲೆಯಿದೆ ಎಂದು ಹಿಂದೆ ನಂಬಲಾಗಿತ್ತು. 1990ರ ದಶಕದಲ್ಲಿ ಸಿಡಿಮದ್ದಿನ ಕಂಪನಗಳನ್ನೂ ದೂರದ ಭೂಕಂಪಗಳ ಅಲೆಗಳನ್ನೂ ಅಳೆದು ನೋಡಿದಾಗ ಕವಚದ ದಪ್ಪ ಹಲವೆಡೆ 20ರಿಂದ 40 ಕಿಲೋಮೀಟರಿನಷ್ಟು ಕಂಡುಬಂದಿತು. ದ್ವಿತೀಯಕ ಅಲೆಗಳು ಅದರ ಕೆಳಭಾಗವನ್ನು ಹೆಚ್ಚು ಸೊರಗದೆ ದಾಟಿಬಂದುವು. ಅಲ್ಲಿರುವುದು ಬಹುಪಾಲು ಗಟ್ಟಿ ಶಿಲೆಯೇ ಎಂದಾಯಿತು.

ವಿಜ್ಞಾನಿಗಳು ಇಂದೊಂದು, ನಾಳೆಯೊಂದು ಹೇಳುತ್ತಾರೆಂದು ಮೂದಲಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅಲೆಗಳು ಕೊಡುವ ಚಿತ್ರ ಛಾಯಾಚಿತ್ರವಲ್ಲ, ಲೆಕ್ಕಹಾಕಿ ಕಟ್ಟಿದ ಊಹೆ ಎಂಬುದನ್ನು ಅವರು ಮರೆಯುತ್ತಾರೆ. ಮಾಪಕಗಳು ಹೆಚ್ಚಿದಷ್ಟೂ, ದಾಖಲೆ ದೀರ್ಘವಾದಷ್ಟೂ ಅದು ಸ್ಪಷ್ಟವಾಗುತ್ತದೆ. ಆದುದರಿಂದಲೇ ನೆಲ ಸುಮ್ಮನಿರುವ ವರ್ಷಗಳಲ್ಲಿ ಮಾಪಕಗಳಿಗೆ ಮಾಡುವ ವೆಚ್ಚವನ್ನು ದುಂದೆನ್ನುವುದು ಸರಿಯಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ನೀರು ಸಿಕ್ಕೀತೆ?

ಐಸ್‌ಲೆಂಡಿನ ರೇಕ್ಯಾನೆಸ್ ಪರ್ಯಾಯದ್ವೀಪ ಸುಮಾರು 800 ವರ್ಷಗಳ ಕಾಲ ಬೆಂಕಿಯುಗುಳಿರಲಿಲ್ಲ. ಅಂಥ ನೆಲಕ್ಕೆ ಕಾವಲೇಕೆ ಎಂದು ಕೇಳಬಹುದಿತ್ತು. ಆದರೂ ಅಲ್ಲಿ ಮಾಪಕಗಳಿದ್ದುವು. 2021ರಲ್ಲಿ ನೆಲ ಬಿರಿದು ಲಾವಾ ಹರಿಯಿತು. 2023ರ ನವೆಂಬರ್ 10ರಂದು ಕಂಪನಗಳು ಗ್ರಿಂಡವಿಕ್ ಎಂಬ ಮೀನುಗಾರರ ಪಟ್ಟಣದತ್ತ ಸರಿದುವು. ಸುಮಾರು 15 ಕಿಲೋಮೀಟರು ಉದ್ದದ ಬಿರುಕಿನಲ್ಲಿ ಶಿಲಾಪಾಕ ನುಗ್ಗುತ್ತಿದೆಯೆಂದು ಅವುಗಳ ಜಾಡಿನಿಂದಲೂ ನೆಲದ ಚಲನೆಯಿಂದಲೂ ಗೊತ್ತಾಯಿತು. ಅಂದಿನ ರಾತ್ರಿಯೇ ಸುಮಾರು 3,800 ಜನರನ್ನು ಊರಿನಿಂದ ಹೊರಕ್ಕೆ ಸಾಗಿಸಲಾಯಿತು.

ಬೆಂಕಿ ಏಳುವ ದಿನವನ್ನು ಮಾತ್ರ ಯಾರೂ ಹೇಳಲಾರದಾದರು. ಮನೆಮಠ ಬಿಟ್ಟವರು ಐದು ವಾರಗಳಿಗೂ ಹೆಚ್ಚು ಕಾಲ ಕಾದರು. ಈ ಕಾಯುವಿಕೆಯ ಕಷ್ಟ ಸಣ್ಣದಲ್ಲ. ಡಿಸೆಂಬರ್ 18ರ ರಾತ್ರಿ ಊರಿನ ಈಶಾನ್ಯಕ್ಕೆ ನೆಲ ಸೀಳಿತು. 2024ರ ಜನವರಿ 14ರಂದು ಲಾವಾ ಊರಿನ ಅಂಚಿಗೇ ಬಂದು ಮೂರು ಮನೆಗಳನ್ನು ಸುಟ್ಟಿತು. ಆ ಮನೆಗಳಲ್ಲಿ ಆಗ ಯಾರೂ ಇರಲಿಲ್ಲ.